ಮೂರನೇ ಮನೆಯ ಜಗಳ: ಬಾಡಿಗೆಗೆ ಕೊಟ್ಟವಳು ನಾನು, ಈಗೇನು ಮಾಡ್ಲಿ?

ವಠಾರದಮ್ಮ · ಸೋಮವಾರ ರಾತ್ರಿ 11.40

ನರಸಾಪುರದ ಹತ್ತಿರ ನಮ್ಮದೊಂದು ಸಣ್ಣ ವಠಾರ ಇದೆ. ಎಂಟು ಲೈನ್ ಮನೆ, ಮುಂದೆ ನನ್ನ ಅಂಗಡಿ. ನಮ್ಮ ಯಜಮಾನರು ಇದ್ದಾಗ ಈ ಜಾಗದಲ್ಲಿ ಹಿಪ್ಪುನೇರಳೆ ತೋಟ ಇತ್ತು. 2013ರಲ್ಲಿ ಸ್ಕೂಟರ್ ಫ್ಯಾಕ್ಟರಿ ಶುರುವಾದ ಮೇಲೆ ಬಾಡಿಗೆ ಮನೆ ಕೇಳಿಕೊಂಡು ಜನ ಬಂದರು. ರೇಷ್ಮೆ ಬಿಟ್ಟೆವು, ಮನೆ ಕಟ್ಟಿದೆವು. ಈಗ ಎಂಟು ಮನೆಯಲ್ಲಿ ಐದು ಭಾಷೆ. ರಾಯಚೂರಿನವರದ್ದು ಎರಡು ಮನೆ, ಮದನಪಲ್ಲಿ, ಕೃಷ್ಣಗಿರಿ, ಮುಳಬಾಗಿಲಿನವರದ್ದು ಒಂದೊಂದು, ಬಿಹಾರದ ಹುಡುಗರದ್ದು ಎರಡು, ಒಡಿಶಾದ ಒಂದು ಸಂಸಾರ.

ಆ ಒಡಿಶಾದವರು ಮೂರನೇ ಮನೆ. ಬಂದು ನಾಲ್ಕು ತಿಂಗಳಾಯ್ತು. ಅವನು ಕ್ರಷರಿನಲ್ಲಿ ಕೆಲಸ, ಅವಳು ಪ್ಯಾಕಿಂಗಿನಲ್ಲಿ, ಕಾಂಟ್ರ್ಯಾಕ್ಟ್ ಮೇಲೆ. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಅವನಿಗೂ ಅವಳಿಗೂ ಒಂದೇ ಶಿಫ್ಟ್ ಬಿದ್ದ ದಿನ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಾರೆ. ಆ ಚಿಕ್ಕವನು ಕಿಟಕಿ ಸರಳಿನಲ್ಲಿ ಕೈ ಹೊರಗೆ ಹಾಕಿಕೊಂಡು ನಿಂತಿರುತ್ತಾನೆ. ನಾನು ಒಂದು ಬನ್ನು ಕೊಟ್ಟರೆ ಅರ್ಧ ಮುರಿದು ಒಳಗೆ ಅಕ್ಕನಿಗೆ ಕೊಡುತ್ತಾನೆ.

ವಿಷಯ ಇದು. ವಾರಕ್ಕೆ ಎರಡು ಸಲವಾದರೂ ರಾತ್ರಿ ಹತ್ತರ ಮೇಲೆ ಆ ಮನೆಯಲ್ಲಿ ಬ್ಲೂಟೂತ್ ಸ್ಪೀಕರ್ ಜೋರಾಗಿ ಹಾಕುತ್ತಾರೆ. ಇಷ್ಟು ಹೊತ್ತಲ್ಲಿ ಯಾಕಪ್ಪಾ ಹಾಡು ಅಂತ ಮೊದಮೊದಲು ಬೈದುಕೊಂಡೆ. ಆಮೇಲೆ ಗೊತ್ತಾಯ್ತು. ಹಾಡಿನ ಹಿಂದೆ ಇನ್ನೊಂದು ಸದ್ದು ಇರುತ್ತೆ. ತಿಂಗಳ 10ನೇ ತಾರೀಖು ಸಂಬಳದ ದಿನ, ಅವತ್ತು ತಪ್ಪೋದೇ ಇಲ್ಲ. ಮಾರನೇ ದಿನ ನೀರು ಹಿಡಿಯೋಕೆ ಬಂದಾಗ ತಲೆ ಮೇಲೆ ಸೆರಗು ಎಳೆದುಕೊಂಡಿರುತ್ತಾಳೆ. ಕೇಳಿದರೆ 'ಗಿರ್ ಗಯೀ', ಬಿದ್ದೆ ಅನ್ನುತ್ತಾಳೆ. ನನಗೆ ಬರೋ ಹಿಂದಿ ಅಷ್ಟೇ, ಅವಳಿಗೆ ಬರೋ ಹಿಂದಿಯೂ ಅಷ್ಟೇ.

ನಿನ್ನೆ ಮಗಳನ್ನು ಅಂಗಡಿಗೆ ಕರೆದು, 'ಅಮ್ಮಂಗೆ ಏನಾಯ್ತು ಅಂತ ಕೇಳ್ಕೊಂಡು ಬಾ ಪುಟ್ಟಿ' ಅಂದೆ. ಅವಳು ಕನ್ನಡ ಆಗಲೇ ಕಲಿತಿದ್ದಾಳೆ. ಬಗ್ಗಿ ಚಪ್ಪಲಿ ಪಟ್ಟಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಹೋಗಲೇ ಇಲ್ಲ.

ಪೊಲೀಸಿಗೆ ಹೇಳ್ಲಾ? ಮನೆ ಖಾಲಿ ಮಾಡಿಸ್ಲಾ? ಸುಮ್ನೆ ಇರ್ಲಾ? ನಮ್ಮ ತಮ್ಮ 'ನಿನಗ್ಯಾಕೆ ಊರ ಉಸಾಬರಿ' ಅಂತಾನೆ. ನಿದ್ದೆ ಬರ್ತಿಲ್ಲ, ಅದಕ್ಕೆ ಬರೆದೆ.

ಮಾಲೂರು ಓನರ್ · ಮಂಗಳವಾರ ಬೆಳಗ್ಗೆ 7.05

ಅಕ್ಕಾ, ನನ್ನದೂ ಹನ್ನೆರಡು ಮನೆ ಇದೆ, ಅನುಭವದ ಮೇಲೆ ಹೇಳ್ತೀನಿ. ಖಾಲಿ ಮಾಡಿಸಿ. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟು ಒಂದು ವಾರ ಟೈಮ್ ಕೊಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ಸ್ಟೇಷನ್ನಿಗೆ ಕರೆಯೋದು ಓನರನ್ನ. ಕರಾರು ಎಲ್ಲಿ, ಆಧಾರ್ ಕಾಪಿ ಎಲ್ಲಿ ಅಂತ ಕೇಳ್ತಾರೆ. ಅವರು ರಾತ್ರೋರಾತ್ರಿ ರೈಲು ಹತ್ತಿ ಹೋಗಿರ್ತಾರೆ, ನೀವು ಇಲ್ಲೇ ಇರ್ತೀರ.

ಹಳೇ ಬಸ್ ಸ್ಟ್ಯಾಂಡ್ · ಮಂಗಳವಾರ ಬೆಳಗ್ಗೆ 7.30

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ದೊಡ್ಡವರು ಸುಮ್ನೆ ಹೇಳಿಲ್ಲ.

ಕೆಜಿಎಫ್ ಹುಡುಗಿ · ಮಂಗಳವಾರ ಬೆಳಗ್ಗೆ 7.52

@ಹಳೇ ಬಸ್ ಸ್ಟ್ಯಾಂಡ್: ನಮ್ಮಮ್ಮ ಉಣ್ಣದೆ ಮಲಗುತ್ತಿದ್ದಳು ಸಾರ್. ಹಾಗಾಗಿ ಆ ಗಾದೆ ನಮ್ಮನೆಗೆ ಸರಿಹೋಗಲಿಲ್ಲ.

ಅಮ್ಮಾ, ದಯವಿಟ್ಟು ಖಾಲಿ ಮಾಡಿಸಬೇಡಿ. ನಾನು ಆ ಹುಡುಗಿಯ ವಯಸ್ಸಿನಲ್ಲಿ ಮೂರು ಬಾಡಿಗೆ ಮನೆ ನೋಡಿದ್ದೀನಿ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಪ್ಪ ಕೆಲಸ ಹುಡುಕಿಕೊಂಡು ಬೆಂಗಳೂರು ಕಡೆ ಬಂದರು, ನಾವು ಹಿಂದೆ ಬಂದೆವು. ಪ್ರತಿ ಸಲ ಗಲಾಟೆ ಆದಾಗ ಓನರ್ ಮರ್ಯಾದೆಯಿಂದಲೇ ಖಾಲಿ ಮಾಡಿಸೋರು. ಪ್ರತಿ ಸಲ ಅಮ್ಮನಿಗೆ ಪರಿಚಯ ಆಗಿದ್ದ ಒಬ್ಬಿಬ್ಬರು ಹೆಂಗಸರೂ ಹೋಗೋರು. ಅಪ್ಪನಿಗೆ ಅದೇ ಬೇಕಿತ್ತು. ಹೊಸ ಜಾಗದಲ್ಲಿ ಅಮ್ಮನಿಗೆ ಯಾರೂ ಇರುತ್ತಿರಲಿಲ್ಲ.

ಇನ್ನೊಂದು. ಆ ಮಗುವಿನ ಕೈಲಿ ಕೇಳಿಸಬೇಡಿ. ಬೈಯ್ಯೋಕೆ ಹೇಳ್ತಿಲ್ಲ, ನಿಮಗೆ ಬೇರೆ ದಾರಿ ಇರಲಿಲ್ಲ ಅಂತ ಗೊತ್ತು. ಆದರೆ ಅವಳು ಆ ಮಾತನ್ನು ಬಾಯಲ್ಲಿ ಹೇಳಬೇಕಾದರೆ ಮನೆಯಲ್ಲಿ ಇನ್ನೊಂದು ಸಲ ನೋಡಿದ ಹಾಗೆ. ಅಪ್ಪನಿಗೆ ಗೊತ್ತಾದರೆ ಅವಳಿಗೂ ಬೀಳುತ್ತೆ.

ಕೋಲಾರ ವಕೀಲ · ಮಂಗಳವಾರ ರಾತ್ರಿ 9.15

ಅಮ್ಮಾ, ಎರಡು ಸಂಗತಿ ಬೇರೆ ಬೇರೆ ಇಟ್ಟುಕೊಳ್ಳಿ.

ರಕ್ತ ಬಂದಿದೆ, ಕೈಯಲ್ಲಿ ಏನೋ ಹಿಡಿದಿದ್ದಾನೆ, ಕತ್ತು ಹಿಸುಕುತ್ತಿದ್ದಾನೆ ಅನ್ನಿಸಿದರೆ ಯೋಚನೆ ಮಾಡುತ್ತಾ ಕೂರಬೇಡಿ, 112. ಕನ್ನಡದಲ್ಲೇ ಮಾತಾಡಿ, ಅಂಗಡಿ ಗುರುತು ಹೇಳಿ. ಒಬ್ಬರೇ ಒಳಗೆ ನುಗ್ಗಬೇಡಿ.

ಇನ್ನೊಂದು, ದಿನಾ ನಡೆಯೋದು. ಅದಕ್ಕೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಇದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಅದೇ ಆಫೀಸು. ನಿಮಗೆ ಬೇಕಾಗಿರೋದು 4ನೇ ಸೆಕ್ಷನ್. ದೌರ್ಜನ್ಯ ನಡೆಯುತ್ತಿದೆ ಅಂತ ನಂಬಲು ಕಾರಣ ಇರುವ ಯಾರು ಬೇಕಾದರೂ ಆ ಅಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆ ಮನಸ್ಸಿನಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಕೇಸು ಬರಲ್ಲ. ಓನರ್ ಆಗಿರೋದು ಅಡ್ಡಿ ಏನಲ್ಲ.

ಒಡಿಶಾದವಳು, ಇಲ್ಲಿ ಕೇಸು ನಡೆಯುತ್ತಾ ಅಂದರೆ, ನಡೆಯುತ್ತೆ. ಅವಳು ತಾತ್ಕಾಲಿಕವಾಗಿ ವಾಸ ಇರುವ ಜಾಗದ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಅವಳ ಆಧಾರ್ ಯಾವ ಊರಿನದ್ದು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಹೆಣ್ಣುಮಗಳಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು, ಅವಳ ಆದಾಯ ಎಷ್ಟೇ ಇರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100.

ಮಾಲೂರು ಓನರ್ · ಮಂಗಳವಾರ ರಾತ್ರಿ 9.40

ಸಾರ್, ಕೇಸು ಬರಲ್ಲ ಅಂದ್ರಿ. ಸಾಕ್ಷಿ ಅಂತ ಕರೆದರೆ? ಅಂಗಡಿ ಮುಚ್ಚಿ ಕೋರ್ಟಿಗೆ ಯಾರು ಅಲೆಯೋದು?

ಕೋಲಾರ ವಕೀಲ · ಮಂಗಳವಾರ ರಾತ್ರಿ 10.02

ಕರೆಯಬಹುದು. ಕರೆಯಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಎಲ್ಲಾ ಅಷ್ಟು ದೂರ ಹೋಗಲ್ಲ. ಮೊದಲು ಸಂರಕ್ಷಣಾಧಿಕಾರಿ ಒಂದು ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ. ಅವಳಿಗೆ ಕೇಸು ಬೇಡ ಅಂದರೂ ಆ ವರದಿ ಒಂದು ದಾಖಲೆಯಾಗಿ ಉಳಿಯುತ್ತೆ. ನಾಳೆ ಬೇಕಾದಾಗ ಶೂನ್ಯದಿಂದ ಶುರು ಮಾಡಬೇಕಾಗಿಲ್ಲ.

ನಿಮ್ಮ ಖಾಲಿ ಮಾಡಿಸೋ ವಿಚಾರಕ್ಕೆ ಬರ್ತೀನಿ. ಬಾಡಿಗೆ ಮನೆಯೂ ಈ ಕಾಯ್ದೆಯಲ್ಲಿ ಅವಳು ವಾಸ ಮಾಡುವ ಮನೆಯೇ. ಕರಾರು ಗಂಡನ ಹೆಸರಲ್ಲಿ ಇದ್ದರೂ ಅವಳನ್ನು ಅವನು ಹೊರಗೆ ಹಾಕೋ ಹಾಗಿಲ್ಲ. ಅವನನ್ನೇ ಹೊರಗೆ ಇರಲು ಹೇಳುವ, ಬಾಡಿಗೆಯನ್ನು ಅವನೇ ಕಟ್ಟಬೇಕು ಅಂತ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 20,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ನೀವು ಇಬ್ಬರನ್ನೂ ಖಾಲಿ ಮಾಡಿಸಿದರೆ ಇದರಲ್ಲಿ ಯಾವುದೂ ಅವಳಿಗೆ ಉಪಯೋಗಕ್ಕೆ ಬರಲ್ಲ, ಮನೆಯೇ ಇರಲ್ಲವಲ್ಲ.

60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಅಷ್ಟರಲ್ಲಿ ಮುಗಿದೇಹೋಗುತ್ತೆ ಅಂತ ಅವಳಿಗೆ ಮಾತು ಕೊಡಬೇಡಿ.

ಅಂಗನವಾಡಿ ಟೀಚರ್ · ಬುಧವಾರ ಮಧ್ಯಾಹ್ನ 2.20

ವಕೀಲರು ಹೇಳಿದ್ದೆಲ್ಲ ಸರಿ. ಆದರೆ ನೀರು ಹಿಡಿಯೋ ಜಾಗದಲ್ಲಿ ನಿಂತು ಸೆಕ್ಷನ್ ಹೇಳಿದರೆ ಅವಳು ಬಿಂದಿಗೆ ಅಲ್ಲೇ ಬಿಟ್ಟು ಓಡುತ್ತಾಳೆ. ನಾನು ಈ ಕೆಲಸಕ್ಕೆ ಬಂದು ಹದಿನೇಳು ವರ್ಷ. ಹೊಸದಾಗಿ ಬಂದವರ ಮನೆಗೆ ನಾನು ಹೋಗೋದು ತೂಕದ ಯಂತ್ರ ಹೊತ್ತುಕೊಂಡು. ಮಗು ತೂಕ ಹಾಕಬೇಕು ಅಂದರೆ ಯಾವ ಗಂಡಸೂ ಬಾಗಿಲಲ್ಲಿ ತಡೆಯಲ್ಲ.

ಆ ನಾಲ್ಕು ವರ್ಷದ ಹುಡುಗ ಅಂಗನವಾಡಿಯಲ್ಲಿ ಇರಬೇಕಾದವನು ಅಮ್ಮಾ, ಕಿಟಕಿಯಲ್ಲಲ್ಲ. ರೇಷನ್ ಕಾರ್ಡ್ ಇಲ್ಲಿನದಲ್ಲ, ವೋಟರ್ ಐಡಿ ಇಲ್ಲ ಅಂತ ಅವರೇ ಹಿಂಜರಿಯುತ್ತಾರೆ. ಅದೆಲ್ಲ ಬೇಡ. ಊರಿಗೆ ವಲಸೆ ಬಂದ ಮಕ್ಕಳನ್ನೂ ನಾವು ಸೇರಿಸಿಕೊಳ್ಳಬೇಕು. ಊಟ, ಮೊಟ್ಟೆ, ಹಾಲು ಎಲ್ಲ ಉಂಟು. ಬಸುರಿ ಬಾಣಂತಿಯರಿಗೂ ಅಷ್ಟೇ, ತಾಯಿ ಕಾರ್ಡ್ ಇಲ್ಲೇ ಮಾಡಿಸಬಹುದು. ರೇಷನ್ನಿಗೂ ಒಂದು ದಾರಿ ಇದೆ. ಊರಿನ ಕಾರ್ಡೇ ಇಲ್ಲಿನ ಸೊಸೈಟಿಯಲ್ಲಿ ನಡೆಯುತ್ತೆ, ಒಂದು ದೇಶ ಒಂದು ರೇಷನ್ ಕಾರ್ಡ್ ಅಂತ. ಹೆಬ್ಬೆಟ್ಟು ಕೊಟ್ಟರೆ ಆಯ್ತು. ಇದು ಅವರಿಗೆ ಯಾರೂ ಹೇಳಿರಲ್ಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರ್ತಿರ್ತಾರೆ. (ನಿಮ್ಮ ಅಂಗಡಿಯಲ್ಲೇ ಇರಬಹುದು, ಕ್ಷಮಿಸಿ ಅಮ್ಮಾ 😄)

ಮಾತಾಡಿಸೋಕೆ ಒಡಿಯಾ ಬರುವ ಹೆಂಗಸು ಬೇಕು. ಆದರೆ ನೋಡಿ, ಅವರದೇ ಊರಿನವಳು ಬೇಡ, ಅದೇ ಕಾಂಟ್ರ್ಯಾಕ್ಟರ್ ಕರೆತಂದ ಗುಂಪಿನವಳೂ ಬೇಡ. ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತೆ. ನಾನೊಬ್ಬಳನ್ನು ಬಲ್ಲೆ, ವೇಮಗಲ್ ಕಡೆ ಇರೋಳು, ಬೇರೆ ಜಿಲ್ಲೆಯವಳು. ಕೇಳ್ತೀನಿ.

ವೇಮಗಲ್ ಮೇಷ್ಟ್ರು · ಬುಧವಾರ ಸಂಜೆ 6.10

ಒಂಬತ್ತು ವರ್ಷದ ಮಗಳು ಮನೆಯಲ್ಲಿ ಯಾಕಿದ್ದಾಳೆ ಅನ್ನೋದು ನನ್ನ ಪ್ರಶ್ನೆ. ಟಿಸಿ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಿದ್ರಾ?

ವಠಾರದಮ್ಮ · ಬುಧವಾರ ಸಂಜೆ 7.00

ಹೌದು ಮೇಷ್ಟ್ರೇ. ಜೂನ್ ತಿಂಗಳಲ್ಲಿ ಅವರಪ್ಪ ಒಂದು ಶಾಲೆಗೆ ಕರೆದುಕೊಂಡು ಹೋಗಿದ್ದನಂತೆ. ಟಿಸಿ ತಗೊಂಡು ಬಾ ಅಂದರಂತೆ. ಟಿಸಿಗೋಸ್ಕರ ಒಡಿಶಾಗೆ ಹೋಗಿಬರಬೇಕಂದ್ರೆ ಒಂದು ತಿಂಗಳ ಸಂಬಳ ಅಲ್ವಾ? ಸುಮ್ನಾದ.

ವೇಮಗಲ್ ಮೇಷ್ಟ್ರು · ಬುಧವಾರ ಸಂಜೆ 7.25

ಇದು ನಮ್ಮ ಇಲಾಖೆಯವರೇ ತಲೆ ತಗ್ಗಿಸಬೇಕಾದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತೆ. ಟಿಸಿ ತಡವಾಯ್ತು ಅಂತ ದಾಖಲಾತಿ ನಿಲ್ಲಿಸೋ ಹಾಗಿಲ್ಲ. ಹುಟ್ಟಿದ ತಾರೀಖಿನ ಕಾಗದ ಇಲ್ಲ ಅಂತಲೂ ಇಲ್ಲ ಅನ್ನೋ ಹಾಗಿಲ್ಲ. ವರ್ಷದ ಮಧ್ಯದಲ್ಲಿ ಬಂದರೂ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಂಡು, ಹಿಂದೆ ಬಿದ್ದಿದ್ದರೆ ಪ್ರತ್ಯೇಕ ತರಬೇತಿ ಕೊಡಬೇಕು. ಒಂಬತ್ತು ವರ್ಷ ಅಂದರೆ ನಾಲ್ಕನೇ ಕ್ಲಾಸು. ಅವಳಿಗೆ ಕನ್ನಡ ಮಾತಾಡೋಕೆ ಬರುತ್ತೆ ಅಂದ್ರಲ್ಲ, ಅರ್ಧ ಕೆಲಸ ಆಯ್ತು. ಅಕ್ಷರ ನಾವು ಕಲಿಸ್ತೀವಿ.

ನಿಮಗೆ ಹತ್ತಿರದ ಸರ್ಕಾರಿ ಶಾಲೆಗೆ ನಾಳೆಯೇ ಕರೆದುಕೊಂಡು ಹೋಗಿ. ಮತ್ತೆ ಟಿಸಿ ಅಂದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಅರ್ಜಿ ಬರೆಯೋಣ, ನಾನೇ ಬರೆದುಕೊಡ್ತೀನಿ.

ಸಿಂಧನೂರಿನವ · ಬುಧವಾರ ರಾತ್ರಿ 11.30

ಇದನ್ನೆಲ್ಲ ಓದಿ ನನ್ನದೂ ಹೇಳಬೇಕು ಅನ್ನಿಸಿತು. ನಾವು ಸಿಂಧನೂರು ಕಡೆಯವರು. ನನಗೆ 12 ವರ್ಷ ಇದ್ದಾಗ ಇಲ್ಲಿಗೆ ಬಂದೆವು, ಅಪ್ಪ ಗಾರೆ ಕೆಲಸ. ಕನ್ನಡದವರೇ ನಾವು, ಆದರೂ ಕ್ಲಾಸಿನಲ್ಲಿ ಬಾಯಿ ಬಿಟ್ಟರೆ ನಗೋರು. 'ಹೌದ್ರಿ', 'ಬರ್ರಿ' ಅಂದರೆ ಸಾಕು, ಹಿಂದಿನ ಬೆಂಚಿನಿಂದ ಅದನ್ನೇ ಹಾಡಿನ ತರ ಹೇಳೋರು. ಇಲ್ಲಿನ ಹುಡುಗರು ಅವರವರಲ್ಲಿ ತೆಲುಗು ಮಾತಾಡೋರು, ಅದೂ ಅರ್ಥ ಆಗ್ತಿರಲಿಲ್ಲ. ಶಾಲೆ ಬಿಟ್ಟು ಕೆರೆ ಏರಿ ಮೇಲೆ ಕೂರೋದು ಕಲಿತೆ. ಅಲ್ಲಿ ದೊಡ್ಡ ಹುಡುಗರು ಇರೋರು. ಏನೇನು ಕಲಿಸಿದರು ಅಂತ ಬರೆಯೋದು ಬೇಡ.

ಮನೆಯಲ್ಲಿ ಅಪ್ಪ ಅಮ್ಮನ ಮೇಲೆ ಕೈ ಎತ್ತಿದ ಕೂಡಲೇ ನಾನು ಹೊರಗೆ ಹೋಗಿಬಿಡುತ್ತಿದ್ದೆ. 15 ತುಂಬಿದ ವರ್ಷ ಒಂದು ದಿನ ಹೋಗಲಿಲ್ಲ. ಅಡ್ಡ ನಿಂತು ಅಪ್ಪನನ್ನು ತಳ್ಳಿದೆ. ಗೋಡೆಗೆ ಬಿದ್ದರು. ಅಮ್ಮ ನನಗೇ ಹೊಡೆದಳು. ಆಮೇಲೆ ಮೂರು ಜನರೂ ಊಟ ಮಾಡಲಿಲ್ಲ. ಈ ತರ ಮನೆಯ ಹುಡುಗರನ್ನು 'ಪೋಲಿ' ಅನ್ನೋಕೆ ಮುಂಚೆ ರಾತ್ರಿ ಅವನು ಎಲ್ಲಿ ಮಲಗಿದ್ದ ಅಂತ ಕೇಳಿ.

ನನ್ನನ್ನು ಉಳಿಸಿದ್ದು ದೊಡ್ಡದೇನಲ್ಲ. ಪಂಚಾಯಿತಿ ಲೈಬ್ರರಿ. 2020ರಲ್ಲಿ 'ಓದುವ ಬೆಳಕು' ಅಂತ ಶುರುವಾಯ್ತು, 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ. ಲೈಬ್ರರಿ ಅಣ್ಣ ನನ್ನನ್ನು ಓದು ಅನ್ನಲಿಲ್ಲ. ಚೆಸ್ ಬೋರ್ಡ್ ಇಟ್ಟು 'ಬಾರೋ ಸಿಂಧನೂರು' ಅಂದ. ಫ್ಯಾನ್ ಇತ್ತು, ಕುರ್ಚಿ ಇತ್ತು, ಯಾರೂ ಕೂಗಾಡ್ತಿರಲಿಲ್ಲ. ನನಗೆ ಅಷ್ಟೇ ಬೇಕಿತ್ತು. ಈಗ ಐಟಿಐ ಮುಗಿಸ್ತಿದ್ದೀನಿ, ಫಿಟ್ಟರ್.

ಮಕ್ಕಳ ಗ್ರಾಮಸಭೆ ಅಂತಲೂ ಒಂದಿದೆ, ವರ್ಷಕ್ಕೊಂದು ಸಲ ಪಂಚಾಯಿತಿಯವರು ಮಾಡಬೇಕು. ಒಂದು ವರ್ಷ ನಾನು ಎದ್ದು ನಿಂತು 'ಗ್ರೌಂಡಿನಲ್ಲಿ ಲೈಟು ಹಾಕಿ' ಅಂತ ಕೇಳಿದ್ದೆ. ಲೈಟು ಬಂತು. ಅದು ಬಂದ ಮೇಲೆ ವಾಲಿಬಾಲ್ ಆಡೋಕೆ ಇಲ್ಲಿನವರೂ ನಾವೂ ಒಂದೇ ಕಡೆ ಸೇರಿದೆವು. ಟೀಮಿಗೆ ಆರು ಜನ ಬೇಕಲ್ಲ, ಆಗ ಯಾರೂ ಭಾಷೆ ಕೇಳಲಿಲ್ಲ.

ಟೊಮೆಟೊ ಬಾಕ್ಸ್ · ಗುರುವಾರ ಬೆಳಗ್ಗೆ 5.10

ಮಂಡಿಯಲ್ಲಿ ಹಮಾಲಿ ನಾನು. ಲೋಡು ಬರೋಕೆ ಇನ್ನೂ ಹೊತ್ತಿದೆ, ಅದಕ್ಕೆ ಬರೀತಿದ್ದೀನಿ. ಬೈಯ್ಯೋರು ಬೈಯ್ಯಿರಿ. ನಾನೂ ಹೆಂಡತಿ ಮೇಲೆ ಕೈ ಎತ್ತಿದ್ದೀನಿ. ಸೀಸನ್ನಿನಲ್ಲಿ ರಾತ್ರಿಯೆಲ್ಲ 15 ಕೆಜಿ ಬಾಕ್ಸ್ ಎತ್ತಿ ಎತ್ತಿ ಸೊಂಟ ಬಿದ್ದು ಹೋಗಿರುತ್ತೆ, ಮನೆಗೆ ಬಂದರೆ ಕಂತಿನವರು ಬಾಗಿಲಲ್ಲಿ. ಮೂರು ಕಡೆ ಸಂಘದ ಸಾಲ ಇತ್ತು. ಕಂತಿನ ದಿನ ಜಗಳ ಗ್ಯಾರಂಟಿ. ಕಾರಣ ಹೇಳ್ತಿದ್ದೀನಿ ಅಷ್ಟೇ, ಸರಿ ಅಂತ ಹೇಳ್ತಿಲ್ಲ.

ಅವಳ ತವರಿನವರು ಬಂದು ಹೇಳಿದರು, ಕೇಳಲಿಲ್ಲ. ಒಂದು ದಿನ ನಮ್ಮ ಮೇಸ್ತ್ರಿ, ವಯಸ್ಸಾದ ಮನುಷ್ಯ, ಎಲ್ಲರ ಮುಂದೆ ಅಲ್ಲ, ಟೀ ಅಂಗಡಿ ಹಿಂದೆ ಕರೆದು 'ಇನ್ನೊಂದು ಸಲ ಕೇಳಿಸಿದರೆ ನನ್ನ ಗ್ಯಾಂಗಿಗೆ ಬರಬೇಡ' ಅಂದ. ಅದು ತಾಗಿತು. ಅವನು ಹೇಳಿದ್ದಕ್ಕೆ ಬಿಟ್ಟೆನೋ, ಕೆಲಸ ಹೋಗುತ್ತೆ ಅಂತ ಬಿಟ್ಟೆನೋ, ಗೊತ್ತಿಲ್ಲ. ಸಾಲದವರ ಕಾಟಕ್ಕೆ 2025ರಲ್ಲಿ ಸರ್ಕಾರ ಕಾನೂನು ಮಾಡಿದೆ. ಬಲವಂತ ಮಾಡಿ ವಸೂಲಿ ಮಾಡಿದರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಹೊಸದಾಗಿ ಬಂದವರಿಗೆ ಇದು ಗೊತ್ತೇ ಇರಲ್ಲ.

ಅವನ ಕ್ರಷರ್ ಮೇಸ್ತ್ರಿ ಯಾರು ಅಂತ ಗೊತ್ತಾ ಅಮ್ಮಾ? ಅವನ ಕೈಲಿ ಹೇಳಿಸಿ ನೋಡಿ. ಕುಡಿತ ಬಿಡಿಸಿದರೆ ಮುಕ್ಕಾಲು ಸರಿಹೋಗುತ್ತೆ.

ಕೆಜಿಎಫ್ ಹುಡುಗಿ · ಗುರುವಾರ ಬೆಳಗ್ಗೆ 8.15

ಅಣ್ಣಾ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಬೈಯ್ಯಲ್ಲ. ಆದರೆ ಕುಡಿತದ ಮಾತು ಒಪ್ಪಲ್ಲ. ನಮ್ಮಪ್ಪ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ಸಿಗರೇಟೂ ಇಲ್ಲ. ಊರಲ್ಲೆಲ್ಲ ಒಳ್ಳೆ ಹೆಸರು. ಅದಕ್ಕೇ ಅಮ್ಮ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಮೇಸ್ತ್ರಿಗೆ ಹೇಳೋದು ಅವಳನ್ನು ಕೇಳದೆ ಮಾಡಬೇಡಿ ಅಮ್ಮಾ. ಯಾರು ಹೇಳಿದರು ಅಂತ ಅವನು ಮೊದಲು ಹುಡುಕೋದು ಮನೆಯೊಳಗೆ.

ನಮ್ಮಮ್ಮ ಮೊದಲ ಸಲ ಬಾಯಿ ಬಿಟ್ಟಿದ್ದು ಸಾಂತ್ವನ ಕೇಂದ್ರದಲ್ಲಿ, ಕಷ್ಟದಲ್ಲಿರೋ ಹೆಂಗಸರಿಗೆ ನೆರವಾಗೋ ಜಾಗ ಅದು. ಅಲ್ಲಿಗೆ ತಲುಪಿಸಿದ್ದು ಪೋಸ್ಟರ್ ಅಲ್ಲ, ಹೂವು ಮಾರುವ ಒಬ್ಬ ಅಜ್ಜಿ. ದಿನಾ 'ಊಟ ಆಯ್ತಾ' ಅಂತ ಮಾತ್ರ ಕೇಳೋಳು. ಏನಾಯ್ತು ಅಂತ ಯಾವತ್ತೂ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಅಮ್ಮನೇ ಹೇಳಿದಳು.

ವಠಾರದಮ್ಮ · ಶನಿವಾರ ಮಧ್ಯಾಹ್ನ 3.45

ಟೀಚರ್ ನಿನ್ನೆ ತೂಕದ ಯಂತ್ರ ಹಿಡಿದುಕೊಂಡು ಬಂದರು. ಒಂದೇ ಮನೆಗೆ ಹೋದರೆ ಅನುಮಾನ ಬರುತ್ತೆ ಅಂತ ವಠಾರದ ಎಲ್ಲ ಮಕ್ಕಳ ತೂಕ ಹಾಕಿದರು. ಬಿಹಾರದ ಹುಡುಗರೂ ತಮಾಷೆಗೆ ಸಾಲಿನಲ್ಲಿ ನಿಂತರು. ಮೂರನೇ ಮನೆಯ ಹುಡುಗ ಕಡಿಮೆ ತೂಕ ಇದ್ದಾನೆ. ಸೋಮವಾರದಿಂದ ಅಂಗನವಾಡಿ. ಸಂಜೆ 4ಕ್ಕೆ ಬಿಟ್ಟ ಮೇಲೆ ಅಮ್ಮ ಬರೋ ತನಕ ನನ್ನ ಅಂಗಡಿ ಜಗಲಿ.

ವೇಮಗಲ್ ಹುಡುಗಿ ಫೋನಿನಲ್ಲೇ ನನಗೆ ಒಂದು ಮಾತು ಕಲಿಸಿದಳು. 'ಖಾಇಲ ಕಿ.' ಊಟ ಆಯ್ತಾ ಅಂತ. ಇವತ್ತು ನೀರಿನ ಹೊತ್ತಲ್ಲಿ ಹೇಳಿದೆ. ನನ್ನ ಬಾಯಲ್ಲಿ ಅದು ಹೇಗೆ ಬಂತೋ, ಅವಳು ಬಿಂದಿಗೆ ಕೆಳಗಿಟ್ಟು ನಕ್ಕಳು. ನಾಲ್ಕು ತಿಂಗಳಲ್ಲಿ ಅವಳು ನಕ್ಕಿದ್ದು ನೋಡಿರಲಿಲ್ಲ. 'ಮಾಉಸಿ' ಅಂದಳು. ಚಿಕ್ಕಮ್ಮ ಅಂತ ಅರ್ಥವಂತೆ.

ಅಷ್ಟೇ ಆಗಿರೋದು. ಏನೂ ಕೇಳಿಲ್ಲ.

ಮಾಲೂರು ಓನರ್ · ಶನಿವಾರ ಸಂಜೆ 6.30

ಒಳ್ಳೇದಾಯ್ತು ಅಕ್ಕಾ. ಆದರೂ ಆಧಾರ್ ಕಾಪಿ ತಗೊಂಡಿಟ್ಟುಕೊಳ್ಳಿ.

ವಠಾರದಮ್ಮ · 19 ದಿನ ಬಿಟ್ಟು, ಗುರುವಾರ ರಾತ್ರಿ 10.20

ತುಂಬಾ ಜನ ಏನಾಯ್ತು ಅಂತ ಕೇಳಿದ್ದೀರ. ಬರೆಯೋಕೆ ಆಗಿರಲಿಲ್ಲ.

10ನೇ ತಾರೀಖು ಬಂತಲ್ಲ. ಅವತ್ತು ಸಂಜೆ ಅವಳು ಅಂಗಡಿಗೆ ಬಂದು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟಳು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಹುಟ್ಟಿದ ಚೀಟಿ. ನಾನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ. ರಾತ್ರಿ ಸ್ಪೀಕರ್ ಶುರುವಾಯ್ತು. 112ಕ್ಕೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು, ಅಂಗಡಿ ಗುರುತು ಹೇಳೋಕೆ ಹೋಗಿ ನಮ್ಮ ಯಜಮಾನರ ಹೆಸರು ಹೇಳಿದೆ, ಹೋಗಿ ಎಂಟು ವರ್ಷ ಆಯ್ತು. ಬಂದರು. ಅವನನ್ನು ಹೊರಗೆ ಕರೆದು ಮಾತಾಡಿಸಿದರು. ಅವಳು ಮಕ್ಕಳನ್ನು ಕರೆದುಕೊಂಡು ನನ್ನ ಮನೆಯಲ್ಲಿ ಮಲಗಿದಳು.

ಮಾರನೇ ದಿನ ಟೀಚರ್, ವೇಮಗಲ್ ಹುಡುಗಿ, ನಾನು, ಅವಳು ನಾಲ್ಕು ಜನ ಸಿಡಿಪಿಓ ಆಫೀಸಿಗೆ ಹೋದೆವು. ಬಸ್ಸಿನಲ್ಲಿ ನಮ್ಮ ಮೂವರಿಗೆ ಫ್ರೀ ಇರುತ್ತೆ ಅಂದುಕೊಂಡಿದ್ದೆ. ವೇಮಗಲ್ ಹುಡುಗಿಯ ಆಧಾರ್ ಇಲ್ಲಿಯ ವಿಳಾಸಕ್ಕೆ ಬದಲಾಗಿಲ್ಲ, ಅವರಿಬ್ಬರಿಗೂ ಟಿಕೆಟ್ ತಗೊಂಡೆ. ಶಕ್ತಿ ಯೋಜನೆ ರಾಜ್ಯದವರಿಗೆ ಮಾತ್ರ.

ಅಲ್ಲಿ ಮೇಡಂ ಎಲ್ಲ ಬರೆದುಕೊಂಡರು. ನಾನು ಅಂದುಕೊಂಡಿದ್ದೇ ಬೇರೆ, ಅವಳು ಕೇಳಿದ್ದೇ ಬೇರೆ. ಅವನನ್ನು ಜೈಲಿಗೆ ಹಾಕಿ ಅನ್ನಲಿಲ್ಲ. ಊರಿಗೆ ಕಳಿಸಿ ಅಂತಲೂ ಇಲ್ಲ. ಎಟಿಎಂ ಕಾರ್ಡ್ ಅವಳ ಕೈಗೆ ಬರಬೇಕು. ಮಗಳು ಶಾಲೆಗೆ ಹೋಗಬೇಕು. ಅವನು ಹೊಡೆಯೋದು ನಿಲ್ಲಿಸಬೇಕು. ಈ ಮೂರನ್ನು ಬೆರಳು ಮಡಚಿ ಮಡಚಿ ಹೇಳಿದಳು. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ಅಂತ ಇರೋ ಸರ್ಕಾರದ ಸಖಿ ಕೇಂದ್ರದಲ್ಲಿ ಐದು ದಿನದ ತನಕ ಇರಬಹುದು ಅಂದರು, ಬೇಡ ಅಂದಳು. ಕೆಲಸ ತಪ್ಪಿದರೆ ಕಾಂಟ್ರ್ಯಾಕ್ಟಿನಿಂದ ತೆಗೀತಾರೆ ಅಂತ ಅವಳಿಗೆ ಭಯ. ಅದೂ ನಿಜ ಅಲ್ವಾ.

ಅವನನ್ನೂ ಒಂದು ದಿನ ಕರೆಸಿದರು. ತಲೆ ತಗ್ಗಿಸಿ ಕೂತಿದ್ದ. ಕಾರ್ಡ್ ಕೊಟ್ಟಿದ್ದಾನೆ. ಈಗ ಸುಮ್ನಿದ್ದಾನೆ. ನನಗೆ ಪೂರ್ತಿ ನಂಬಿಕೆ ಇಲ್ಲ, ಅವಳಿಗೂ ಇಲ್ಲ. ಕವರ್ ಇನ್ನೂ ಡ್ರಮ್ಮಿನಲ್ಲೇ ಇದೆ.

ಕಳೆದ ಶನಿವಾರ ರಾತ್ರಿ ಸ್ಪೀಕರ್ ಮತ್ತೆ ಜೋರಾಯ್ತು. ಎದ್ದು ಕೂತೆ, ಫೋನ್ ಕೈಗೆ ತಗೊಂಡೆ. ಬಾಗಿಲು ತೆಗೆದು ನೋಡಿದರೆ ಎಲ್ಲರೂ ಹೊರಗಿದ್ದಾರೆ, ಚಿಕ್ಕವನ ಹುಟ್ಟುಹಬ್ಬ. ಕೇಕ್ ತಂದಿದ್ದರು. ನನಗೂ ಕೊಟ್ಟರು. ತಿಂದೆ, ಆದರೆ ಎದೆ ಬಡಿತ ನಿಲ್ಲೋಕೆ ಅರ್ಧ ಗಂಟೆ ಬೇಕಾಯ್ತು.

ಮಗಳು ನಾಲ್ಕನೇ ಕ್ಲಾಸು. ಮೇಷ್ಟ್ರೇ, ನಿಮ್ಮ ಅರ್ಜಿ ಬೇಕಾಗಲಿಲ್ಲ. ಕಾಯ್ದೆ ಹೆಸರು ಹೇಳಿದ್ದಕ್ಕೇ ಸೇರಿಸಿಕೊಂಡರು.

ಕೋಲಾರ ವಕೀಲ · ಶುಕ್ರವಾರ ಬೆಳಗ್ಗೆ 7.40

ಸಿಡಿಪಿಓ ಬರೆದುಕೊಂಡ ವರದಿಯ ಪ್ರತಿ ಅವಳಿಗೆ ಸಿಗಬೇಕು, ಉಚಿತವಾಗಿ. ಕೇಳಿ ಇಸ್ಕೊಂಡು ಅದೇ ಡ್ರಮ್ಮಿನಲ್ಲಿಡಿ. ಬಾಡಿಗೆ ಕರಾರು ಮುಂದಿನ ಸಲ ಬರೆಯುವಾಗ ಇಬ್ಬರ ಹೆಸರೂ ಹಾಕಿ, ರಸೀದಿಯೂ ಇಬ್ಬರ ಹೆಸರಿಗೆ. ನಾಳೆ 'ಇದು ನನ್ನ ಮನೆ, ನೀನು ಹೋಗು' ಅನ್ನೋಕೆ ಅವನಿಗೆ ಕಾಗದದ ಬಲ ಇರಬಾರದು.

ಮಾಲೂರು ಓನರ್ · ಶುಕ್ರವಾರ ಬೆಳಗ್ಗೆ 9.00

ಸಾರ್, ಇಬ್ಬರ ಹೆಸರಿನ ಕರಾರು ನಮೂನೆ ಇದ್ದರೆ ಹಾಕಿ. ನನಗೂ ಎರಡು ಮನೆಗೆ ಬೇಕಾಗಬಹುದು.

ಸಿಂಧನೂರಿನವ · ಶುಕ್ರವಾರ ಸಂಜೆ 8.10

ಅಮ್ಮಾ, ನಿಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಕ್ಯಾರಂ ಬೋರ್ಡ್ ಇದೆಯಾ? ಆ ಹುಡುಗಿಯನ್ನ ಕಳಿಸಿ. ನಮ್ಮ ಲೈಬ್ರರಿಗೆ ಒಡಿಶಾದ ಇಬ್ಬರು ಮಕ್ಕಳು ಬರ್ತಾರೆ, ಅವರಿಗೂ ಜೊತೆ ಬೇಕು.

ಅಂಗನವಾಡಿ ಟೀಚರ್ · ಶನಿವಾರ ಮಧ್ಯಾಹ್ನ 1.30

ವೇಮಗಲ್ ಹುಡುಗಿ ಕೇಳ್ತಿದ್ದಾಳೆ, ಭಾನುವಾರ ಅವಳಿಗೆ ರಜೆ, ಸುಮ್ನೆ ಮಾತಾಡಿಸಿಕೊಂಡು ಹೋಗೋಕೆ ಬರ್ಲಾ ಅಂತ. ಎಷ್ಟು ಹೊತ್ತಿಗೆ ಬಂದರೆ ಸರಿ?

ವಠಾರದಮ್ಮ · ಶನಿವಾರ ಮಧ್ಯಾಹ್ನ 2.05

ಹನ್ನೊಂದರ ಮೇಲೆ ಬರಲಿ. ಬೆಳಗ್ಗೆ ನೀರು ಬಿಡೋ ದಿನ, ಯಾರಿಗೂ ಪುರುಸೊತ್ತಿರಲ್ಲ. ಊಟ ಇಲ್ಲೇ ಅಂತ ಹೇಳಿ. ಅವರಿಬ್ಬರಿಗೂ ಮುದ್ದೆ ನುಂಗೋಕೆ ಬರಲ್ಲ, ಅನ್ನ ಮಾಡ್ತೀನಿ.